ಅರವತ್ತೆಂಟು ಬಂದ ಹುಡುಗಿ

ಎದೆಬಡಿತ ಎಣಿಸುವ ಬ್ಯಾಂಡನ್ನು ಕೊಟ್ಟೂರಿಗೆ ತಂದರೆ ಅದು ಎದೆಬಡಿತ ಎಣಿಸಿಕೊಂಡು ತೆಪ್ಪಗಿರುತ್ತದೆ ಎಂದು ನಂಬಿದವಳು ನಾನು. ಆದರೆ ನಮ್ಮೂರ ಜನ ಯಾವುದನ್ನೂ ಅದರ ಪಾಡಿಗೆ ಬಿಡುವುದಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಹಳೇ ವಿದ್ಯಾರ್ಥಿಯೊಬ್ಬ ಒಂದು ಡಬ್ಬಿ ಬ್ಯಾಂಡು ಕೊಟ್ಟುಹೋದ. ಕೈಗೆ ಕಟ್ಟಿಕೊಂಡರೆ ಎದೆ ಎಷ್ಟು ಬಡಿಯುತ್ತಿದೆ ಎಂದು ತೋರಿಸುತ್ತದೆ. ಗಾಬರಿಯಿಂದ ಬಡಿತ ಏರಿದರೆ ಗುಂಯ್ ಅನ್ನುತ್ತದೆ. ಆಗ ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನವಿಟ್ಟು, ಅದು ಸುಮ್ಮನಾಗುವವರೆಗೆ ಕೂರಬೇಕು. ಪರೀಕ್ಷೆ ಎಂದರೆ ನಡುಗುವ ಮಕ್ಕಳಿಗೆ ಇದು ಕೈ ಹಿಡಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಕಡಿಮೆ ಬಿದ್ದ ನಂಬರು

ಮಂಡಕ್ಕಿ-ಮಿರ್ಚಿ ಅಂಗಡಿಯವರ ಮಗಳೊಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಪಾಠದಲ್ಲಿ ಚುರುಕು. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ನೋಡಿದವಳೇ ಪೆನ್ನು ಕೆಳಗಿಟ್ಟು ಎದ್ದು ಹೊರಟಳು. ಉತ್ತರ ಪತ್ರಿಕೆ ಖಾಲಿ.

"ವಾರ್ಷಿಕ ಪರೀಕ್ಷಿನಾಗೂ ಹಿಂಗ ಆದ್ರ ನಾ ಕಾಲೇಜ ಬಿಡ್ತೀನ್ರಿ ಮೇಡಂ" ಎಂದಳು.

"ಕಾಲೇಜು ಆಮ್ಯಾಲೆ ಬಿಡುವಂತಿ, ಮೊದಲು ಉಸಿರು ಬಿಡು" ಎಂದು ಉಳಿದ ಮಕ್ಕಳ ಜೊತೆ ಅವಳಿಗೂ ಬ್ಯಾಂಡು ಕಟ್ಟಿದೆ. ನೂರರ ಮೇಲೆ ಕುಣಿಯುತ್ತಿದ್ದ ನಂಬರು ದಿನ ಕಳೆದಂತೆ ಇಳಿಯುತ್ತಾ ಬಂತು. ಅರವತ್ತೆಂಟಕ್ಕೆ ಬಂದ ದಿನ ನನಗೆ ಸಂಭ್ರಮವೋ ಸಂಭ್ರಮ. ಮರುದಿನ ಬೆಳಿಗ್ಗೆಯೇ ಅವಳಪ್ಪ ಸ್ಟಾಫ್ ರೂಮಿಗೆ ಬಂದರು, ಮುಖ ಗಂಟಿಕ್ಕಿಕೊಂಡು.

"ಏನ್ರಿ ಮೇಡಂ, ಬಾಜೂ ಮನಿ ಹುಡುಗಿಗೆ ತೊಂಬತ್ತೆಂಟು ಬಂದೈತಂತ, ನಮ್ಮಾಕಿಗೆ ಬರೇ ಅರವತ್ತೆಂಟು! ಮನ್ಯಾಗ ಬೈದು ಬಂದೀನಿ. ಟ್ಯೂಷನ್ ಹಚ್ಚಲೇನ್ರಿ?"

ಇದರಲ್ಲಿ ನಂಬರು ಇಳಿದಷ್ಟೂ ಒಳ್ಳೆಯದು ಎಂದು ಬಿಡಿಸಿ ಹೇಳಿದೆ. ಅವರು ಯೋಚಿಸಿದರು.

"ಹಂಗಾರ ಸೊನ್ನಿ ಬಂದ್ರ ಫಸ್ಟ್ ರ‍್ಯಾಂಕೇನ್ರಿ?"

"ಸೊನ್ನಿ ಬಂದ್ರ ರ‍್ಯಾಂಕ್ ತಗೊಳ್ಳಾಕ ಮನುಷ್ಯಾನ ಇರೋದಿಲ್ರೀ!"

ನಿಧಾನಕ್ಕೆ ತಿನ್ನುವ ವಿದ್ಯೆ

ಬ್ಯಾಂಡಿನ ಜೊತೆಗೆ ಮನಸ್ಸನ್ನು ಒಂದೇ ಕಡೆ ನಿಲ್ಲಿಸುವ ಅಭ್ಯಾಸಗಳೂ ಇದ್ದವು. ಅದರಲ್ಲೊಂದು, ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ನಮಗೆ ದ್ರಾಕ್ಷಿ ಯಾಕೆ, ಒಂದು ಹಿಡಿ ಮಂಡಕ್ಕಿ ಸಾಕೆಂದು ಹುಡುಗಿಯ ಕೈಲಿ ಹೇಳಿಕಳಿಸಿದೆ. ಅವಳಪ್ಪ ಒಂದು ಬುಟ್ಟಿ ಬಿಸಿಬಿಸಿ ಮಿರ್ಚಿಯನ್ನೂ ಹೊತ್ತುಕೊಂಡು ಬಂದರು.

"ಮಕ್ಕಳಿಗೆ ಬರೀ ಮಂಡಕ್ಕಿ ಕೊಟ್ರ ನಮ್ಮ ಅಂಗಡಿ ಮರ್ಯಾದಿ ಏನಾಗಬೇಕ್ರಿ?"

ತಂದದ್ದನ್ನು ಬೇಡ ಅನ್ನಲಾಗದೆ ಪಾಠ ಶುರು ಮಾಡಿದೆ. "ನೋಡಿ. ಮೂಸಿ. ಅವಸರ ಬೇಡ. ಸಣ್ಣಗೆ ಕಚ್ಚಿ, ಬಾಯಲ್ಲೇ ಇಟ್ಟುಕೊಳ್ಳಿ."

ಮಿರ್ಚಿಯನ್ನು ಗಬಗಬ ತಿನ್ನುವುದಕ್ಕೂ ಒಂದು ಕಾರಣವಿದೆ ಎಂದು ನನಗೆ ಆಗ ಗೊತ್ತಾಯಿತು. ಎಲ್ಲರ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಬ್ಯಾಂಡುಗಳೆಲ್ಲ ಒಟ್ಟಿಗೇ ಗುಂಯ್‌ಗುಟ್ಟಿ ಬೆಂಚುಗಳು ಅದುರಿದವು. ಆ ಹುಡುಗಿಯ ಬ್ಯಾಂಡು ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಅವಳು ಆರಾಮವಾಗಿ ಎರಡನೆಯದಕ್ಕೆ ಕೈ ಹಾಕಿದ್ದಳು.

ಸದ್ದಿಗೆ ಓಡಿಬಂದ ಪ್ರಿನ್ಸಿಪಾಲರು ಅಳುತ್ತಿದ್ದ ಮಕ್ಕಳನ್ನು ನೋಡಿ ನನ್ನ ಕಡೆ ತಿರುಗಿದರು. "ಮೇಡಂ, ಇದು ಗಾಬರಿ ಕಡಿಮಿ ಮಾಡೋ ಕ್ಲಾಸ್ ಹೌದಲ್ರಿ?"

ಬೇವಿನ ಕಟ್ಟೆ

ವಾರ್ಷಿಕ ಪರೀಕ್ಷೆ ಬಂತು. ಗೇಟಿನಲ್ಲಿ ಬ್ಯಾಂಡು ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಇಂಥದ್ದೇನೂ ಒಳಗೆ ಒಯ್ಯುವಂತಿಲ್ಲ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಇದಿಲ್ದ ಹೆಂಗ್ರಿ ಮೇಡಂ?"

"ಉಸಿರನ್ನ ಯಾರೂ ಗೇಟಿನ್ಯಾಗ ಇಸಕೊಳ್ಳೋದಿಲ್ಲ. ನಡಿ ಒಳಗ."

ಧೈರ್ಯ ಹೇಳಿದೆ ನಿಜ, ಅವಳ ಬೆನ್ನು ಮರೆಯಾದ ಮೇಲೆ ನನಗೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ರಸ್ತೆಯಾಚೆ ಬೇವಿನ ಮರದ ಕಟ್ಟೆಯ ಮೇಲೆ ನಾನೂ ಅವಳಪ್ಪನೂ ಕೂತೆವು. ಪ್ರತಿ ಸಲ ಗೇಟು ಕಿರುಗುಟ್ಟಿದಾಗಲೂ ಆ ಮನುಷ್ಯ ಎದ್ದು ನಿಲ್ಲುತ್ತಿದ್ದರು, ಎದ್ದು ಬಂದವಳು ತಮ್ಮ ಮಗಳೇ ಎಂಬಂತೆ. ನೋಡಲಾರದೆ ಬ್ಯಾಂಡನ್ನು ಅವರ ಕೈಗೆ ಕಟ್ಟಿದೆ. ಅದು ಗುಂಯ್ ಅನ್ನಲು ಹಿಡಿದದ್ದು ನಿಲ್ಲಲೇ ಇಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ಜೀಪೊಂದು ಬಂದು ನಿಂತಿತು. ನಕಲು ಹಿಡಿಯುವ ಸ್ಕ್ವಾಡಿನ ಸಾಹೇಬರು ಇಳಿದರು.

"ಏನದು ಗುಂಯ್ ಅನ್ನಾಕತ್ತೈತಿ? ಒಳಗ ಉತ್ತರ ಕಳಸಾಕತ್ತೀರೇನು?"

"ಉತ್ತರ ಅಲ್ರಿ ಸಾಹೇಬ್ರ, ನನ್ನ ಎದಿ" ಎಂದರು ಅಪ್ಪ.

ಸಾಹೇಬರು ನಂಬಲಿಲ್ಲ. ಪರೀಕ್ಷೆ ಮಾಡೇ ಬಿಡುತ್ತೇನೆಂದು ತಮ್ಮ ಕೈಗೇ ಕಟ್ಟಿಕೊಂಡರು. ಬ್ಯಾಂಡು ಇನ್ನೂ ಜೋರಾಗಿ ಗುಂಯ್ ಅಂದಿತು.

"ಹಗರಿಬೊಮ್ಮನಹಳ್ಳಿ ಮುಗಿಸಿ ಬಂದೀನ್ರಿ, ನಾಳಿಗೆ ಕೂಡ್ಲಿಗಿ ಐತಿ, ಮ್ಯಾಲಿಂದ ಮ್ಯಾಲೆ ಫೋನು..." ಎಂದು ಅವರ ದನಿ ಮೆತ್ತಗಾಯಿತು.

"ಕುಂದರ್ರಿ. ಕಣ್ಣು ಮುಚ್ಚರಿ" ಎಂದೆ, ಹಿಂದಿನ ಬೆಂಚಿನ ಹುಡುಗರಿಗೆ ಹೇಳುವ ದನಿಯಲ್ಲಿ. ಕೂತರು. ಅವಳಪ್ಪನೂ ಕಣ್ಣು ಮುಚ್ಚಿದರು. ತೋರಿಸಿಕೊಡಲೆಂದು ನಾನೂ ಮುಚ್ಚಿದೆ. ಬೇವಿನ ಗಾಳಿ ಹಿತವಾಗಿತ್ತು. ಬೆಲ್ಲು ಹೊಡೆದದ್ದು ನಮ್ಮಲ್ಲಿ ಒಬ್ಬರಿಗೂ ಕೇಳಿಸಲಿಲ್ಲ.

"ಮೇಡಂ, ಎಲ್ಲಾ ಬರದೀನ್ರೀ! ಒಂದೂ ಬಿಟ್ಟಿಲ್ಲ!"

ಕಣ್ಣು ತೆರೆದರೆ ಹುಡುಗಿ ಎದುರಿಗೆ ನಿಂತಿದ್ದಾಳೆ, ಮುಖ ಅರಳಿದೆ. ಸಾಲಾಗಿ ಕೂತ ನಮ್ಮ ಮೂವರನ್ನೂ ನೋಡಿ ಅವಳು ನಕ್ಕಳು. "ಪರೀಕ್ಷಿ ನನಗಿತ್ತೋ ನಿಮಗಿತ್ತೋ?"

ಸಾಹೇಬರು ಒಂದೇ ಕಣ್ಣು ತೆರೆದು ಕೈ ನೋಡಿಕೊಂಡರು. "ಗದ್ಲಾ ಮಾಡಬ್ಯಾಡವ್ವಾ, ನನ್ನದು ಈಗರ ಅರವತ್ತೆಂಟಕ್ಕ ಬಂದೈತಿ."

ಅವಳಪ್ಪ ಎದೆಯುಬ್ಬಿಸಿ ಎದ್ದು ನಿಂತರು.

"ಅರವತ್ತೆಂಟೇನ್ರಿ ಸಾಹೇಬ್ರ? ಅದು ನಮ್ಮ ಹುಡುಗಿಗೆ ಯಾವಾಗೋ ಬಂದಿತ್ರೀ!"