ಬಿಸಿಲಿಗೆ ಹಾಕಿದ ಬೂಷ್ಟು

ಬೂಷ್ಟಿನ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಷಾಢ ಬಂತೆಂದರೆ ಮಂಕಿ ಎಂಬ ಊರಿನ ನಮ್ಮ ಮನೆಯಲ್ಲಿ ಅದು ಮುಟ್ಟದ ವಸ್ತುವಿಲ್ಲ. ಚಪ್ಪಲಿ, ಛತ್ರಿಯ ಹಿಡಿ, ಸೊಂಟದ ಬೆಲ್ಟು, ಎಲ್ಲದಕ್ಕೂ ಹಸಿರು ಮೀಸೆ. ನಮ್ಮ ಮದುವೆಯ ಫೋಟೋದಲ್ಲಿ ಅದು ನನ್ನ ಮುಖವನ್ನಷ್ಟೇ ತಿಂದು ಹೆಂಡತಿಯ ಮುಖವನ್ನು ಹಾಗೇ ಬಿಟ್ಟಿದೆ. ಬೂಷ್ಟಿಗೂ ಜೀವದ ಮೇಲೆ ಆಸೆ ಇರುತ್ತದಲ್ಲ! ಇದಕ್ಕೆಲ್ಲ ನನ್ನ ತಾಯಿ, ನಮ್ಮ ಆಯಿಯ ಬಳಿ ಇರುವುದು ಒಂದೇ ಮದ್ದು: ಬಿಸಿಲು ಕಂಡ ಕೂಡಲೇ ಅಂಗಳಕ್ಕೆ ಹಾಕುವುದು. ಒಮ್ಮೆ ಮಳೆ ಬಿಡುವು ಕೊಟ್ಟಿತೆಂದು ನನ್ನ ಕಚೇರಿಯ ಚೀಲವನ್ನೇ ಮಗುಚಿ, ಕಾಗದಗಳನ್ನೆಲ್ಲ ಹಪ್ಪಳದ ಹಾಗೆ ಚಾಪೆಯ ಮೇಲೆ ಹರಡಿದ್ದಳು. ಅವತ್ತು ನಾನು ಹೊನ್ನಾವರಕ್ಕೆ ಹೋದದ್ದು ಮಧ್ಯಾಹ್ನದ ಬಸ್ಸಿಗೆ.

ಇಂಥ ಮನೆಗೆ ನನ್ನ ಹೆಂಡತಿ ಸುಮಿತ್ರಾ ದುಡ್ಡು ಕೊಟ್ಟು ಬೂಷ್ಟು ತಂದಳೆಂದರೆ ನಂಬುತ್ತೀರಾ?

ತೊಂಬತ್ತರ ದಶಕದ ಕೊನೆಯ ಮಾತು. ಅವಳ ತವರು ಕುಮಟೆಯ ಕಡೆ. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಮೊಗೆಕಾಯಿಯ ಬೀಜವನ್ನೂ ಕಟ್ಟಿಕೊಂಡು ಬಂದಿದ್ದಳು. ಸಾಂಬಾರಿಗೆ ಹಾಕುವ ಪಟ್ಟೆಪಟ್ಟೆಯ ದಪ್ಪ ಸೌತೆ ಅದು; ಬಾಳೆಯ ಹಗ್ಗದಲ್ಲಿ ಕಟ್ಟಿ ತೂಗುಹಾಕಿದರೆ ಮಳೆಗಾಲವಿಡೀ ಕೆಡುವುದಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಪ್ರತಿ ವರ್ಷ ಅದನ್ನೇ ಬೆಳೆಯುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಬಾವಿಯ ತಳ ಕಂಡು ಬಳ್ಳಿಯೆಲ್ಲ ಸುಟ್ಟುಹೋಯಿತು. ಅವಳ ಅಮ್ಮ ತೀರಿಕೊಂಡ ಮೇಲೆ ತವರಿನಲ್ಲೂ ಆ ಬೀಜ ಇಡುವವರಿರಲಿಲ್ಲ. ಉಳಿದದ್ದು ನಮ್ಮ ಅಡುಗೆಮನೆಯ ಗೋಡೆಗೆ ಸಗಣಿಯಲ್ಲಿ ಮೆತ್ತಿಟ್ಟ ಒಂದು ಹಿಡಿ ಮಾತ್ರ. ಅದೂ ಹೋದರೆ ಅಮ್ಮನ ಮೊಗೆಕಾಯಿ ಅಲ್ಲಿಗೆ ಮುಗಿಯಿತು. ಗೋಡೆ ನೋಡುತ್ತ ಒಗ್ಗರಣೆ ಸೀಯಿಸುತ್ತಿದ್ದಳು, ನನಗೆ ಅರ್ಥವಾಗುತ್ತಿತ್ತು.

ಆಗಲೇ ಹೊನ್ನಾವರದಲ್ಲಿ ರೈತರಿಗೆ ಏನೋ ತರಬೇತಿ ಇದೆಯೆಂದು ಹೋದವಳು ಒಂದು ಪೊಟ್ಟಣ ಹಿಡಿದುಕೊಂಡು ಬಂದಳು. ಬಿಚ್ಚಿದರೆ ಮರಳು ಬೆರೆತ ಮಣ್ಣು, ಅದರಲ್ಲಿ ಚೂರುಚೂರು ಬೇರು.

“ಎಂತದು ಇದು?” ಎಂದಳು ಆಯಿ.

“ಬೇರಿಗೆ ಹಾಕೂ ಬೂಷ್ಟು, ಅತ್ತೆ. ಬೀಜದ ಅಡಿಗೆ ಹಾಕಿದ್ರೆ ಬೇರಿನ ಒಳಗೆ ಹೊಕ್ಕಿ ಕೂತ್ಕಳ್ತದಂತೆ. ಕೂದಲಿಗಿಂತ ಸಪೂರ ಎಳೆ ಬಿಟ್ಟು, ಬೇರಿಗೆ ಎಟುಕದ ಜಾಗದಿಂದ ನೀರು ಎಳೆದು ತಂದು ಕೊಡ್ತದೆ. ಅದಕ್ಕೆ ಬದಲು ಗಿಡ ಸಕ್ಕರೆ ಕೊಡ್ತದೆ.”

“ಬೂಷ್ಟಿಗೆ ಸಕ್ಕರೆ! ನಮಗೇ ರೇಷನ್ನಲ್ಲಿ ಸಮಾ ಸಿಗೂದಿಲ್ಲ” ಎಂದು ಆಯಿ ಎದ್ದುಹೋದಳು.

ಸಂಜೆ ಸುಮಿತ್ರಾ ಮೊದಲ ಸಾಲಿನ ಗುಳಿಗಳಿಗೆ ಆ ಮಣ್ಣು ಹಾಕಿ, ಮೇಲೆ ಬೀಜ ಊರಿದಳು. ಕತ್ತಲಾಯಿತೆಂದು ಉಳಿದರ್ಧ ಪೊಟ್ಟಣವನ್ನು ಜಗಲಿಯ ಮೂಲೆಯಲ್ಲಿಟ್ಟಳು. ಮರುದಿನ ಮಧ್ಯಾಹ್ನ ಹುಡುಕುತ್ತೇವೆ, ಪೊಟ್ಟಣವಿಲ್ಲ. ಅದು ಅಂಗಳದ ಸುಡುಬಿಸಿಲಿನಲ್ಲಿ ಮೆಣಸಿನಕಾಯಿಯ ಪಕ್ಕ, ಹಳೆಯ ಮೊರದ ಮೇಲೆ ತೆಳ್ಳಗೆ ಹರಡಿಕೊಂಡು ಮಲಗಿತ್ತು. ಕಾಗೆ ಬಾರದ ಹಾಗೆ ಆಯಿ ಕೋಲು ಹಿಡಿದು ಕಾವಲು ಕೂತಿದ್ದಳು.

“ಬೂಷ್ಟು ಅಂತ ನೀನೇ ಹೇಳ್ದೆ ಅಲ್ದಾ? ಬೆಳಿಗ್ಗೆಯಿಂದ ಒಣಗ್ಸಿದ್ದೇನೆ. ಈಗ ಒಂದು ಚೂರೂ ಇಲ್ಲ ನೋಡು” ಎಂದಳು ಹೆಮ್ಮೆಯಿಂದ.

ನಾನು ನಕ್ಕುಬಿಟ್ಟೆ. ಸುಮಿತ್ರಾಳ ಕಣ್ಣು ತುಂಬಿದ್ದು ಕಂಡ ಮೇಲೆ ಆ ನಗೆಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ. ಅವಳು, ಬೂಷ್ಟಿನಲ್ಲಿ ಚೂರು ಜೀವ ಉಳಿದಿದ್ದರೂ ಉಳಿದಿರಲಿ ಎಂದು, ಆ ಹುರಿದ ಮಣ್ಣನ್ನೇ ಎರಡನೆಯ ಸಾಲಿಗೆ ಹಾಕಿ, ಉಳಿದ ಬೀಜವನ್ನೆಲ್ಲ ಊರಿದಳು. ಗೋಡೆ ಖಾಲಿಯಾಯಿತು.

ಬಳ್ಳಿಗಳು ಎದ್ದವು. ಬಾವಿ ಮಾತ್ರ ಇಳಿಯತೊಡಗಿತು. ಸೇದಿದ ನೀರನ್ನು ಗದ್ದೆಗೆ ಹೊರುವುದು ನನ್ನ ಪಾಲಿನ ಕೆಲಸ. ಆದರೆ ನನಗೊಂದು ಸೊಂಟನೋವಿದೆ. ಕೊಡ ಕಂಡರೆ ಶುರುವಾಗಿ, ಕೊಡ ಮರೆಯಾದರೆ ನಿಲ್ಲುವ ಜಾತಿಯದು. ಹಾಗಾಗಿ ಸುಮಿತ್ರಾಳೇ ಹೊತ್ತಳು. ಯುಗಾದಿ ಕಳೆದ ಮೇಲೆ ಕುಡಿಯಲೂ ತತ್ವಾರವಾಗಿ, ಬಳ್ಳಿಗಳಿಗೆ ದಿನ ಬಿಟ್ಟು ದಿನ ಒಂದೊಂದು ಚೊಂಬು ನೀರು. ಎರಡನೆಯ ಸಾಲು ಬೆಳಗಿನ ಬಿಸಿಲಿಗೇ ಬಾಡಿ, ಎಲೆಯಂಚು ಸುಟ್ಟುಕೊಂಡು ನೆಲ ಹಿಡಿಯಿತು. ಮೊದಲ ಸಾಲೂ ಮಧ್ಯಾಹ್ನ ತಲೆ ಬಗ್ಗಿಸುತ್ತಿತ್ತು. ಆದರೆ ಸಂಜೆಯಾದರೆ ಎದ್ದು ಕೂರುತ್ತಿತ್ತು. ಅದೇ ಬೀಜ, ಅದೇ ಚೊಂಬು. ನೋಡನೋಡುತ್ತ ಮೊದಲ ಸಾಲಿನಲ್ಲಿ ಹೂವು ಉದುರಿ ಹೀಚು ಕಚ್ಚಿತು.

ಆಯಿಯೂ ಬಂದು ಎರಡೂ ಸಾಲು ನೋಡಿದಳು. ಒಣಗಿದ ಬಳ್ಳಿಯೊಂದನ್ನು ಕೋಲಿನಿಂದ ಮಗುಚಿ, “ನಾ ಅರ್ಧ ಒಣಗ್ಸದೇ ಇದ್ರೆ ಇದು ಬೂಷ್ಟಿನದೇ ಕೆಲಸ ಅಂತ ನಿಮಗೆ ಗೊತ್ತಾಗ್ತಿತ್ತಾ?” ಎಂದಳು.

ಮೊದಲು ಹಣ್ಣಾದ ಮೊಗೆಕಾಯಿಯನ್ನು ಸುಮಿತ್ರಾ ಸಾಂಬಾರಿಗೆ ಕೊಡಲಿಲ್ಲ. ಹೆಚ್ಚಿ, ಬೀಜ ತೊಳೆದು, ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದಳು. “ಅಮ್ಮಂದು ಉಳೀತು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಆ ಸಂತೋಷಕ್ಕೆ ಚಹಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕು ಎಂದೆ.

“ಬೂಷ್ಟು ಸಕ್ಕರೆ ತಿಂದ್ರೆ ನೀರು ತಂದು ಕೊಡ್ತದೆ. ನೀವು?” ಎಂದಳು.

ಸಪ್ಪೆ ಚಹವನ್ನೇ ಕುಡಿದೆ.

ಅಂದಿನಿಂದ ಆಯಿ ಏನನ್ನಾದರೂ ಬಿಸಿಲಿಗೆ ಹಾಕುವ ಮುಂಚೆ ಸೊಸೆಯನ್ನು ಕೇಳತೊಡಗಿದಳು. ಆ ಆಷಾಢದಲ್ಲಿ ಮಳೆ ಹಿಡಿದು ನನ್ನ ಬೆಲ್ಟಿಗೆ ಹಸಿರು ಮೀಸೆ ಬಂದಿತ್ತು. ಆಯಿ ಅದನ್ನು ತುದಿಬೆರಳಲ್ಲಿ ಹಿಡಿದೆತ್ತಿ, “ಸುಮಿತ್ರಾ, ಇದು ಒಳ್ಳೇ ಬೂಷ್ಟಾ, ಕೆಟ್ಟದ್ದಾ?” ಎಂದು ಕೂಗಿದಳು.

ಅಡುಗೆಮನೆಯಿಂದ ಉತ್ತರ ಬಂತು: “ಅದು ಅಲ್ಲೇ ಇರ್ಲಿ ಬಿಡಿ ಅತ್ತೆ. ಬರೂ ಬೇಸಿಗೆಗಾದ್ರೂ ಆ ಸೊಂಟ ನೀರು ಹೊರೂಕೆ ಬಗ್ಗೀತು.”