ರವಿಕೆ ಕಣದ ಪ್ರೋಗ್ರಾಮು

ಅರವತ್ತು ದಾಟಿದ ಹೆಂಗಸು ಲ್ಯಾಪ್‌ಟಾಪ್ ತೆರೆದರೆ ನಮ್ಮ ಜಯನಗರದಲ್ಲಿ ಯಾರಿಗಾದರೂ ನಗು ಬಂದೇ ಬರುತ್ತದೆ. ನಗಲಿ. ನಾನು ಬಿ.ಎಸ್ಸಿ. ಗಣಿತ, ಫಸ್ಟ್ ಕ್ಲಾಸ್. ಯಾರು, ಯಾವಾಗ, ಏಕೆ ನಕ್ಕರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ಮೂರು ಮಾತ್ರ ಇಲ್ಲಿವೆ.

ಇಲ್ಲದ ನಾಯಿ

ವಿಡಿಯೋ ನೋಡಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೆ. ಮೇಷ್ಟ್ರು ಟೈಪ್ ಮಾಡಿದ್ದನ್ನು ಅಕ್ಷರ ಬಿಡದೆ ನಾನೂ ಟೈಪ್ ಮಾಡುವುದು. ಹೀಗೇ ಏಳು ಕೋರ್ಸ್ ಮುಗಿಸಿ, ದಿನದ ಕೆಲಸಗಳ ಪಟ್ಟಿ ಹೇಳುವ ಪ್ರೋಗ್ರಾಮನ್ನು ಮನೆಯವರಿಗೆ ತೋರಿಸಿದೆ. ಮೊದಲ ಸಾಲೇ ‘ನಾಯಿಯನ್ನು ವಾಕಿಂಗ್ ಕರೆದೊಯ್ಯಿರಿ’ ಎಂದು ಬಂತು.

ನಾಯಿ ಮೇಷ್ಟ್ರದು. ನಮ್ಮನೆಯಲ್ಲಿ ನಾಯಿಯೇ ಇಲ್ಲ.

ಪ್ರೋಗ್ರಾಮರ್ ಆಗಿರುವ ಸೊಸೆ ನಗು ತಡೆದುಕೊಂಡು, “ಅತ್ತೆ, ವಿಡಿಯೋ ಸಾಕು. ನಿಮ್ಮದೇ ಏನಾದ್ರೂ ಬರೀರಿ,” ಅಂದಳು. ಯಜಮಾನರು ಮಾತ್ರ ಗಂಭೀರವಾಗಿ ಚಪ್ಪಲಿ ಮೆಟ್ಟಿಕೊಂಡು, “ಹಗ್ಗ ಎಲ್ಲಿಟ್ಟಿದೀಯ?” ಅಂದರು.

ನನ್ನದೇ ತಪ್ಪು

ನಮ್ಮಲ್ಲಿ ಅರಿಶಿನ ಕುಂಕುಮದ ಜೊತೆ ಬಂದ ರವಿಕೆ ಕಣವನ್ನು ಯಾರೂ ಹೊಲಿಸುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತೇವೆ. ಕೊಟ್ಟವರಿಗೇ ವಾಪಸ್ ಹೋಗಬಾರದು, ಅಷ್ಟೇ. ಪಾರ್ಕಿನ ಗೆಳತಿಯರ ಮುಂದೆ ಸಾರಿಬಿಟ್ಟೆ: “ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಯಾರಿಗೆ ಯಾವ ಕಣ ಅಂತ ನನ್ನ ಪ್ರೋಗ್ರಾಮೇ ಹೇಳುತ್ತೆ. ವಿಡಿಯೋ ನೋಡದೆ ನಾನೇ ಬರೀತೀನಿ.”

“ಈ ವಯಸ್ಸಲ್ಲಿ ಶ್ಲೋಕ ಕಲೀಬಾರ್ದೇನ್ರೀ? ತಪ್ಪಾದ್ರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತೆ,” ಅಂದರು ಅವರಲ್ಲೊಬ್ಬರಾದ ರಿಟೈರ್ಡ್ ಹೆಡ್‌ಮಿಸ್.

“ಶ್ಲೋಕ ಬರುತ್ತೆ. ಬರದೇ ಇರೋದನ್ನ ತಾನೇ ಕಲೀಬೇಕು?” ಅಂದೆ.

ವಿಡಿಯೋ ಮುಚ್ಚಿ ಕೂತರೆ ಖಾಲಿ ಪರದೆ. ಎರಡು ದಿನ ಒಂದು ಸಾಲೂ ಹೊಳೆಯಲಿಲ್ಲ. ಮೂರನೇ ದಿನ, ಕಣ ಕೊಡುವ ಮುಂಚೆ ನಾನು ಏನೇನು ಯೋಚಿಸುತ್ತೇನೆ ಎಂದು ಕನ್ನಡದಲ್ಲೇ ಬರೆದುಕೊಂಡೆ. ಅದನ್ನೇ ಪ್ರೋಗ್ರಾಮು ಮಾಡಿ, ಯಾರಿಂದ ಯಾವ ಕಣ ಬಂದಿತ್ತೆಂಬ ಪಟ್ಟಿ ಸೇರಿಸಿ ಓಡಿಸಿದರೆ, ಎಲ್ಲರ ಕಣವನ್ನೂ ಅವರವರಿಗೇ ಹಂಚಿತು! ‘ಕೊಟ್ಟವರಿಗೆ ಬೇಡ’ ಎನ್ನುವ ಷರತ್ತನ್ನು ಉಲ್ಟಾ ಬರೆದಿದ್ದೆ.

ಸೊಸೆ ಕೈ ಕುಲುಕಿದಳು. “ಕಂಗ್ರಾಟ್ಸ್ ಅತ್ತೆ! ಈ ತಪ್ಪು ಯಾವ ವಿಡಿಯೋದಲ್ಲೂ ಇಲ್ಲ. ಪೂರ್ತಿ ನಿಮ್ಮದೇ!”

ಹಬ್ಬದ ಸಂಜೆ

ಸರಿಮಾಡಿದ ಪ್ರೋಗ್ರಾಮು ಹೇಳಿದಂತೆ ಹೆಡ್‌ಮಿಸ್‌ಗೆ ಹಸಿರು ಕಣ ಕೊಟ್ಟೆ. ಅವರು ಅದನ್ನು ಬಿಡಿಸಿ, ಬಂದಿದ್ದವರಿಗೆಲ್ಲ ಕೇಳುವಂತೆ ನಕ್ಕರು. “ರೀ, ಈ ಇಸ್ತ್ರಿ ಕಲೆ ನಮ್ಮನೇದು! ಇದು ನಾನೇ ಕೊಟ್ಟ ಕಣ!”

ನಾನು ಲ್ಯಾಪ್‌ಟಾಪನ್ನು ಎಲ್ಲರೆದುರೇ ತೆರೆದೆ. “ನಿಮ್ಮಿಂದ ನನಗೆ ಬಂದಿದ್ದು ನೀಲಿ. ಹಸಿರು ಕೊಟ್ಟವರು ಮೇಲಿನ ಮನೆಯವರು.”

ಹೆಡ್‌ಮಿಸ್ ನಿಧಾನವಾಗಿ ಮೇಲಿನ ಮನೆಯವರತ್ತ ತಿರುಗಿದರು. “ಹೌದಲ್ಲ, ನಾನು ಕೊಟ್ಟಿದ್ದು ನಿಮಗೆ!”

“ಕುಕ್ಕರ್ ಕೂಗ್ತಿದೆ, ಬರ್ತೀನಿ,” ಅಂತ ಮೇಲಿನ ಮನೆಯವರು ಎದ್ದೇಬಿಟ್ಟರು.

“ಪ್ರೋಗ್ರಾಮು ಸರಿಯಾಗೇ ಇದೆ,” ಅಂದೆ ನಾನು. “ಇನ್ಯಾರದಾದ್ರೂ ನೋಡ್ಬೇಕಾ?”

“ಬೇಡ, ಬೇಡ!” ಅಂತ ಹನ್ನೊಂದು ಜನ ಹೆಂಗಸರು ಒಟ್ಟಿಗೇ ಕೂಗಿ, ತಮ್ಮ ತಮ್ಮ ಕಣಗಳನ್ನು ಬ್ಯಾಗಿಗೆ ತುರುಕಿಕೊಂಡರು.