ಜೀಪಿನ ನಡುಕ ನಿವಾರಣೆಯಾದ ವಿವರ

ಗುಡ್ಡಗಾಡು ಸಂಪರ್ಕ ಇಲಾಖೆಯ ಏಕೈಕ ಜೀಪು ಮೂರನೇ ಗೇರಿಗೆ ಬಂದ ಕೂಡಲೇ ನಡುಗುತ್ತದೆ ಎಂಬ ಅಂಶವು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಗಮನಕ್ಕೆ ಬರುವುದಕ್ಕೂ ಕ್ರಮ ಕೈಗೊಳ್ಳುವುದಕ್ಕೂ ನಡುವೆ ಸಾಕಷ್ಟು ಅಂತರ ಕಾಯ್ದುಕೊಳ್ಳುವುದು ಆಡಳಿತದ ಶಿಸ್ತು. ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ, ಜೀಪಿನ ಚಾಲಕನೊಬ್ಬನನ್ನು ಬಿಟ್ಟು. ಅವನು ಗಾಬರಿಯಾದದ್ದರಲ್ಲಿ ತಪ್ಪಿಲ್ಲ. ಸ್ಟಿಯರಿಂಗ್ ಹಿಡಿದು ನಡುಗುವವನು ಅವನೇ ತಾನೆ.

ಮೊದಲು ಈ ಜೀಪು ಹೀಗಿರಲಿಲ್ಲ. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಇದರ ಪಕ್ಕಕ್ಕೆ ನೀರು ಸರಬರಾಜು ನಿರ್ದೇಶಕರ ಹೊಸ ಗಾಡಿ ಬಂದು ನಿಂತಿತು. ಅದು ಎತ್ತರದ ಗಾಡಿ. ಗುಡ್ಡಗಾಡು ನಿರ್ದೇಶಕರು ಅವರಿಗೆ ನಮಸ್ಕಾರ ಹೇಳಲು ಕತ್ತೆತ್ತಬೇಕಾಯಿತು. ಕತ್ತೆತ್ತಿದ್ದನ್ನು ಚಾಲಕ ಕನ್ನಡಿಯಲ್ಲಿ ಕಂಡ. ಅವನು ಕಂಡಿದ್ದನ್ನು ನಿರ್ದೇಶಕರು ಕಂಡರು. ಮಧ್ಯಾಹ್ನದೊಳಗೆ ಆದೇಶ ಹೊರಟಿತು: "ಹಳ್ಳಕೊಳ್ಳಗಳನ್ನು ದಾಟುವ ಸಾರ್ವಜನಿಕ ಹಿತದೃಷ್ಟಿಯಿಂದ ಜೀಪನ್ನು ಅರ್ಧ ಅಡಿ ಎತ್ತರಿಸತಕ್ಕದ್ದು."

ಎತ್ತರಿಸಿದವನು ಇಲಾಖೆಯ ಫಿಟ್ಟರ್. ಬಡಕಲು ಆಳು, ತಲೆ ಮಾತ್ರ ದಪ್ಪ. ಹಾಗಾಗಿ ಎಲ್ಲರೂ ಅವನನ್ನು ಬೋಲ್ಟು ಎಂದೇ ಕರೆಯುತ್ತಿದ್ದರು. ಅಚ್ಚಿಗೂ ಕಮಾನು ಪಟ್ಟೆಗೂ ನಡುವೆ ಕಬ್ಬಿಣದ ಗಟ್ಟಿ ತುರುಕಿ, ಕೈ ಒರೆಸಿಕೊಂಡು, ಊಟಕ್ಕೆ ಹೋದ. ಅವತ್ತಿನಿಂದಲೇ ನಡುಕ ಶುರು.

"ಲೋ ಬೋಲ್ಟು, ಏನೋ ಮಾಡಿಟ್ಟಿದೀಯ ಇದಕ್ಕೆ? ಬಾಯಲ್ಲಿರೋ ಹಲ್ಲೆಲ್ಲ ಉದುರೋ ಹಾಗಾಗಿದೆಯಲ್ಲೋ!" ಎಂದು ಚಾಲಕ ಕೂಗಾಡಿದ.

"ಶಾಫ್ಟು ಅಣ್ಣಾ. ಗೇರ್ ಬಾಕ್ಸಿಂದ ಹಿಂದಿನ ಅಚ್ಚಿಗೆ ಹೋಗುತ್ತಲ್ಲ, ಆ ಉದ್ದ ಕಂಬಿ. ಅದರ ಎರಡು ತುದೀಲೂ ಮೊಣಕಾಲಿದ್ದ ಹಾಗೆ ಕ್ರಾಸಿರುತ್ತೆ. ಎರಡೂ ಕಡೆ ಒಂದೇ ಸಮ ಬಾಗಿದ್ರೆ ಗಾಡಿ ಬೆಣ್ಣೆ ಹಾಗೆ ಹೋಗುತ್ತೆ. ಈಗ ಮುಂದೆ ಒಂದು ಥರ, ಹಿಂದೆ ಒಂದು ಥರ. ಅಚ್ಚಿನೊಳಗೆ ಶಾಫ್ಟು ಸೇರೋ ಹಲ್ಲುಗಾಲಿ ಇದೆಯಲ್ಲ, ಪಿನಿಯನ್, ಅದರ ಮೂತಿ ನೆಲ ನೋಡ್ತಿದೆ. ಅದನ್ನ ಒಂಚೂರು ಮೇಲೆತ್ತಬೇಕು."

"ಜೀಪೆತ್ತಿದಾಗಲೇ ಅದನ್ನೂ ಎತ್ತೋಕೆ ಏನು ದಾಡಿ ಬಂದಿತ್ತು ನಿನಗೆ?"

"ಆದೇಶದಲ್ಲಿ ಜೀಪು ಎತ್ತು ಅಂತಿತ್ತು. ಪಿನಿಯನ್ ಎತ್ತು ಅಂತ ಎಲ್ಲಿತ್ತು? ನಾಳೆ ಯಾಕೆ ಎತ್ತಿದೆ ಅಂತ ಕೇಳಿದ್ರೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾರಾ?" ಬೋಲ್ಟು ತಲೆ ಕೆರೆದುಕೊಂಡ. "ಪಟ್ಟೆ ಕೆಳಗೆ ಒಂದು ಬೆಣೆ ಕೊಟ್ರೆ ಮೂತಿ ಮೇಲೇಳುತ್ತೆ. ಅರ್ಧ ದಿನದ ಕೆಲಸ. ಕೊಡದಿದ್ರೆ ಯಾವತ್ತಾದ್ರೂ ಒಂದಿನ ಕ್ರಾಸು ಕೈ ಕೊಡುತ್ತೆ."

ಚಾಲಕನಿಗೆ ಅವಸರವಿತ್ತು. ಗುಡ್ಡದ ತುದಿಯ ಊರಿನಲ್ಲಿ ಅವನ ಅಕ್ಕ ಇದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಮಳೆ ಹಿಡಿಯುವ ಮುಂಚೆ ಕರೆತಂದರೆ ಇನ್ನೊಂದನ್ನು ಉಳಿಸಬಹುದು, ತಡವಾದರೆ ದೇವರೇ ಗತಿ ಎಂದು ಆಸ್ಪತ್ರೆಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ದಾರಿ ಹತ್ತುವ ಗಾಡಿ ಇದೊಂದೇ. ಗುಡ್ಡದ ರೋಗಿಗಳನ್ನು ಇಳಿಸಿ ತರುವುದಕ್ಕೆಂದೇ ಈ ಇಲಾಖೆ ಹುಟ್ಟಿದ್ದು. ಇಲಾಖೆಗೆ ಅದು ಮರೆತಿದ್ದರೂ ಹೊರಗಿನ ಬೋರ್ಡಿಗೆ ಇನ್ನೂ ನೆನಪಿದೆ.

ಚಾಲಕ ಬೋಲ್ಟುವನ್ನು ಎಳೆದುಕೊಂಡು ವಾಹನ ಶಾಖೆಯ ಅಧೀಕ್ಷಕಿ ಮೇಡಮ್ಮರ ಕೋಣೆಗೆ ಹೋದ. ಮೇಡಂ ಒಳ್ಳೆಯವರು. ಯಾರ ಮೇಲೂ ರೇಗಿದವರಲ್ಲ, ಯಾರ ಕೆಲಸವನ್ನೂ ಮಾಡಿಕೊಟ್ಟವರಲ್ಲ.

"ಬೆಣೆ ಅಂದ್ರೇನ್ರೀ?" ಎಂದು ಕೇಳಿದರು.

ಚಾಲಕ ಬಗ್ಗಿ, ಅವರ ಮೇಜು ಅಲುಗದಂತೆ ಒಂದು ಕಾಲಿನ ಕೆಳಗೆ ಇಟ್ಟಿದ್ದ ರಟ್ಟಿನ ಮಡಿಕೆಯನ್ನು ತೋರಿಸಿದ. "ಇದೇ ಮೇಡಂ."

"ಇದಕ್ಕೆ ಮಂಜೂರಾತಿ ಇದೆ," ಎಂದರು ಮೇಡಂ. "ನಿಮ್ಮದು ಎಷ್ಟು ದಪ್ಪ ಬೇಕು?"

ಬೋಲ್ಟು ಮುಂದೆ ಬಂದ. "ಅಳೀಬೇಕು ಮೇಡಂ. ಗಾಡಿ ಸಮ ನೆಲದ ಮೇಲೆ ನಿಂತಿರಬೇಕು, ದಿನಾ ಹೊರೋ ಭಾರ ಹೊತ್ತಿರಬೇಕು. ಸಾಹೇಬ್ರು ಹಿಂದೆ ಕೂತ್ರೆ ನಾಲ್ಕು ಬೆರಳು ಕುಸಿಯುತ್ತೆ. ಅವರು ಮೇಲೆ ಕೂತಿರಬೇಕು, ನಾನು ಕೆಳಗೆ ಮಲಗಿ ಕೋನ ನೋಡಬೇಕು."

ಮೇಡಂ ಕನ್ನಡಕ ತೆಗೆದಿಟ್ಟರು. "ಆಗಲ್ಲ. ಅಧಿಕಾರಿಯ ಆಸನದ ಕೆಳಗೆ ಯಾವ ನೌಕರನೂ ಮಲಗತಕ್ಕದ್ದಲ್ಲ. ನಿಯಮ ಇದೆ."

"ಹಾಗಾದ್ರೆ ಸಾಹೇಬ್ರು ಇಲ್ಲದಾಗ ಮಲಗ್ತೀನಿ."

"ಧಾರಾಳವಾಗಿ ಮಲಗಿ."

"ಆದ್ರೆ ಆಗ ಭಾರ ಇರಲ್ಲವಲ್ಲ ಮೇಡಂ!"

"ಅದು ನಿಮ್ಮ ತಾಂತ್ರಿಕ ವಿಚಾರ. ಅದರಲ್ಲಿ ನಾನು ಕೈ ಹಾಕಲ್ಲ."

ಚಾಲಕ ಕೈ ಮುಗಿದ. ಅಕ್ಕನ ಕಣ್ಣಿನ ವಿಷಯ ಹೇಳಿದ. ಮೇಡಮ್ಮರ ಕರುಳು ಚುರುಕ್ ಎಂದಿತು. ಅವರಿಗೂ ಅಕ್ಕ ಇದ್ದರು. ಬಹಳ ಹೊತ್ತು ಯೋಚಿಸಿ, ನಿರ್ದೇಶಕರಷ್ಟೇ ತೂಕದ ಮರಳಿನ ಚೀಲವೊಂದನ್ನು ಅವರ ಜಾಗದಲ್ಲಿ ಕೂರಿಸಬಹುದೆಂದು ದಾರಿ ತೋರಿಸಿದರು. ಇನ್ನುಳಿದದ್ದು ತೂಕದ ಪ್ರಶ್ನೆ.

"ಸಾಹೇಬ್ರನ್ನೇ ಒಂದ್ಸಲ ತಕ್ಕಡಿ ಮೇಲೆ ನಿಲ್ಲಿಸಿದ್ರೆ?" ಎಂದ ಬೋಲ್ಟು.

"ನಿಮಗೆ ಪಿಂಚಣಿ ಬೇಡವೇನ್ರೀ?" ಎಂದರು ಮೇಡಂ.

ನಿರ್ದೇಶಕರು ನೌಕರಿಗೆ ಸೇರಿದಾಗ ಮಾಡಿಸಿದ್ದ ವೈದ್ಯಕೀಯ ತಪಾಸಣೆಯಲ್ಲಿ ಅವರ ತೂಕ ನಮೂದಾಗಿತ್ತು. ಆಗ ಅವರು ಗಾಳಿ ಬಂದರೆ ಕಂಬ ಹಿಡಿದುಕೊಳ್ಳುತ್ತಿದ್ದ ಹುಡುಗ. ಆಮೇಲೆ ತೂಕ ಹೆಚ್ಚಾಗಿದೆ ಎಂದು ಯಾರೂ ಲಿಖಿತವಾಗಿ ತಿಳಿಸಿರಲಿಲ್ಲವಾದ್ದರಿಂದ ಹೆಚ್ಚಾಗಿರಲಿಲ್ಲ. ಅಷ್ಟೇ ತೂಕದ ಚೀಲ ತಯಾರಾಯಿತು. ಸಣ್ಣ ಚೀಲ. ಚಾಲಕ ಒಬ್ಬನೇ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದ.

ಬೋಲ್ಟು ಗೋಣಿ ಹಾಸಿಕೊಂಡು ಜೀಪಿನಡಿಗೆ ತೂರಿಕೊಳ್ಳಬೇಕು, ಅಷ್ಟರಲ್ಲಿ ಮೇಡಂ ಮೆಟ್ಟಿಲ ಮೇಲಿಂದ "ನಿಲ್ಲಿ! ನಿಲ್ಲಿ!" ಎಂದು ಓಡಿ ಬಂದರು. ನಿಯಮವನ್ನು ಅವರು ಮತ್ತೊಮ್ಮೆ ಓದಿದ್ದರು. ಅದರಲ್ಲಿ "ಅಧಿಕಾರಿ ಅಥವಾ ಅವರ ಸ್ಥಾನದಲ್ಲಿ ಕುಳಿತವರು" ಎಂದಿತ್ತು. ಚೀಲ ಈಗ ಅವರ ಸ್ಥಾನದಲ್ಲಿ ಕುಳಿತಿತ್ತು.

ಕೊನೆಗೆ ಬೋಲ್ಟು ಗೇಟಿನ ಹತ್ತಿರ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಅಡ್ಡ ಹಿಡಿದು ನೋಡಿದ.

"ಮೂರು ಡಿಗ್ರಿ ಇರ್ಬೋದು."

"ಇರ್ಬೋದು ಅಂತ ಬರೆಯೋಕಾಗಲ್ಲ."

"ಹಾಗಾದ್ರೆ ಮೂರು."

ಮೂರು ಡಿಗ್ರಿಯ ಬೆಣೆ ಕೂತಿತು. ಚೀಲ ಮಾತ್ರ ಸೀಟಿನಲ್ಲೇ ಉಳಿಯಿತು, ಏಕೆಂದರೆ ನಿರ್ದೇಶಕರ ಸ್ಥಾನದಲ್ಲಿರುವವರನ್ನು ಕೆಳಗಿಳಿಸುವ ಅಧಿಕಾರ ಮೇಡಮ್ಮರ ಮಟ್ಟದಲ್ಲಿ ಇರಲಿಲ್ಲ. ನಿರ್ದೇಶಕರು ಅದನ್ನು ನೋಡಿ, ಏನೋ ಭದ್ರತೆಯ ವಿಚಾರವಿರಬೇಕೆಂದು ತಿಳಿದು, ಸರಿದು ಪಕ್ಕದಲ್ಲಿ ಕೂತರು. ಅವರು ರಜೆ ಹಾಕಿದ ದಿನ ಒಂದೆರಡು ಕಡತಗಳನ್ನು ಚೀಲದ ಮುಂದೆ ಮಂಡಿಸಲಾಯಿತು. ಆಕ್ಷೇಪಣೆ ಬಾರದ ಕಾರಣ ಒಪ್ಪಿಗೆಯಾಯಿತೆಂದು ಭಾವಿಸಲಾಯಿತು. ಕೆಲಸ ಇಷ್ಟು ಬೇಗ ಹಿಂದೆಂದೂ ಆಗಿರಲಿಲ್ಲ ಎಂದು ನೌಕರರು ಮೆಚ್ಚಿ ಮಾತಾಡಿಕೊಂಡರು.

ಈಗ ಹಿಂದಿನ ಸೀಟಿನಲ್ಲಿ ನಿರ್ದೇಶಕರೂ ಇದ್ದರು, ನಿರ್ದೇಶಕರ ದಾಖಲೆಯೂ ಇತ್ತು. ಗಾಡಿಯ ಹಿಂಭಾಗ ಮೊದಲಿಗಿಂತ ಹೆಚ್ಚು ಕುಸಿಯಿತು, ಶಾಫ್ಟು ಮೊದಲಿಗಿಂತ ಹೆಚ್ಚು ಕುಣಿಯಿತು. ಚಾಲಕ ಮತ್ತೆ ದೂರು ಕೊಟ್ಟ. ಉತ್ತರವಾಗಿ ಈ ಸುತ್ತೋಲೆ ಬಂತು:

"ಸದರಿ ನಡುಕವು ದುರಸ್ತಿಯ ನಂತರ ಕಂಡುಬಂದಿರುವುದರಿಂದ ಅದನ್ನು ದುರಸ್ತಿಯಾದ ನಡುಕವೆಂದೇ ಪರಿಗಣಿಸತಕ್ಕದ್ದು. ಪ್ರಯಾಣದ ವೇಳೆ ಯಾವ ನೌಕರನೂ ನಿರ್ದೇಶಕರಿಗಿಂತ ಹೆಚ್ಚಾಗಿ ನಡುಗತಕ್ಕದ್ದಲ್ಲ."

"ಅಯ್ಯೋ ಇವರ ಮನೆ ಹಾಳಾಗ!" ಎಂದ ಚಾಲಕ, ಮನಸ್ಸಿನಲ್ಲಿ. ಅಲ್ಲಿಗಿನ್ನೂ ಸುತ್ತೋಲೆ ಬಂದಿರಲಿಲ್ಲ.

ಆಕಾಶದಲ್ಲಿ ಮೋಡ ಕಟ್ಟತೊಡಗಿದಾಗ ಅವನ ಅದೃಷ್ಟ ಖುಲಾಯಿಸಿತು. "ಈ ಊರಿಗೆ ಜೀಪು ಬರುತ್ತದೆ" ಎಂಬ ಫಲಕವನ್ನು ಅನಾವರಣ ಮಾಡಲು ನಿರ್ದೇಶಕರು ಗುಡ್ಡದ ತುದಿಗೆ ಹೊರಟರು. ಹಿಂದಿರುಗುವಾಗ ಅಕ್ಕನನ್ನು ಕರೆತರಲು ಬಾಯಿಮಾತಿನ ಅನುಮತಿಯೂ ಸಿಕ್ಕಿತು. ಅಕ್ಕ ಗಂಟು ಕಟ್ಟಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬೆಳಿಗ್ಗೆಯಿಂದಲೇ ಜಗಲಿಯಲ್ಲಿ ಕೂತಿದ್ದಾಳೆಂದು ಸುದ್ದಿ ಬಂತು.

ಅರ್ಧ ಗುಡ್ಡ ಹತ್ತಿದ್ದರು. ಏರು ಕಡಿದಾಗುವಲ್ಲಿ ಅಡಿಯಿಂದ ಢಣ್ ಎಂದು ಸದ್ದಾಯಿತು. ಕ್ರಾಸು ಮುರಿದು, ಶಾಫ್ಟು ಎರಡು ಸಲ ತಳಕ್ಕೆ ಬಡಿದು, ಕಳಚಿ, ಉರುಳುರುಳುತ್ತಾ ಕಂದರಕ್ಕೆ ಹೋಯಿತು. ಚಾಲಕ ಬ್ರೇಕಿನ ಮೇಲೆ ನಿಂತೇಬಿಟ್ಟ. ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ಕೈಕಾಲು ನಡುಗುತ್ತಿದ್ದವು, ಸುತ್ತೋಲೆ ಹೇಳಿದ ಮಿತಿ ಮೀರಿ.

"ಯಾಕ್ರೀ ನಿಲ್ಸಿದ್ರಿ?" ಎಂದರು ನಿರ್ದೇಶಕರು.

"ಶಾಫ್ಟು ಹೋಯ್ತು ಸರ್."

"ಎಲ್ಲಿಗೆ?"

ಮಳೆ ಅಲ್ಲೇ ಹಿಡಿಯಿತು. ಕೆಳಗಿನವರು ಬಂದು ಹಗ್ಗ ಕಟ್ಟಿ, ನಿರ್ದೇಶಕರ ಸಮೇತ, ಚೀಲದ ಸಮೇತ ಜೀಪನ್ನು ಹಿಮ್ಮುಖವಾಗಿ ಇಳಿಸಿದರು. ಜೀಪಿನಲ್ಲಿ ತಂದಿದ್ದ ಫಲಕ ಅಷ್ಟರೊಳಗೆ ಅಲ್ಲೇ, ಅರ್ಧ ಗುಡ್ಡದಲ್ಲೇ, ಅನಾವರಣವಾಗಿತ್ತು. ದಾರಿ ಕೊಚ್ಚಿಹೋಯಿತು. ಮಳೆ ನಿಂತ ಮೇಲೆ ಊರವರು ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತು ತಂದಾಗ ಅವಳ ಎರಡನೇ ಕಣ್ಣೂ ಹೋಗಿತ್ತು. ಚಾಲಕ ಅವಳ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತ. "ಸುಮ್ನಿರೋ, ನೋಡಬೇಕಾದ್ದೆಲ್ಲ ನೋಡಿ ಆಯ್ತು," ಎಂದಳು ಅಕ್ಕ.

ಇತ್ತ ಮೇಡಂ ಅಂಗಳದಲ್ಲಿ ವಿಚಾರಣೆ ನಡೆಸಿದರು. ಎಂಜಿನ್ ಚಾಲೂ ಮಾಡಿಸಿ, ಮೂರನೇ ಗೇರು ಹಾಕಿಸಿ, ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಡಿಸಿದರು. ನೀರು ತುಳುಕಲಿಲ್ಲ.

"ನಡುಕ ನಿಂತಿದೆಯಲ್ರೀ!"

"ಶಾಫ್ಟೇ ಇಲ್ಲ, ಎಲ್ಲಿಂದ ನಡುಗುತ್ತೆ ಮೇಡಂ? ಗಾಡೀನೂ ನಿಂತಿದೆ," ಎಂದ ಬೋಲ್ಟು.

"ದೂರಿರೋದು ನಡುಕದ ಮೇಲೆ. ಗಾಡಿ ಹೋಗಲ್ಲ ಅಂತ ಯಾರೂ ದೂರು ಕೊಟ್ಟಿಲ್ಲ."

ಹೊಸ ಶಾಫ್ಟು ಹಾಕಿದರೆ ನಿವಾರಣೆಯಾದ ನಡುಕ ಮರುಕಳಿಸುವ ಸಂಭವವಿದ್ದುದರಿಂದ ಹಾಕಬಾರದೆಂದು ತೀರ್ಮಾನವಾಯಿತು. ನಿರ್ದೇಶಕರಿಗೂ ತಕರಾರಿರಲಿಲ್ಲ, ಎತ್ತರ ಇದ್ದಷ್ಟೇ ಇತ್ತು. ಅವರು ದಿನವೂ ಬೆಳಿಗ್ಗೆ ಜೀಪು ಹತ್ತಿ ಕೂತು, ಗೇಟಿನಾಚೆ ಹೋಗಿಬರುವವರಿಗೆ ಕತ್ತು ಬಗ್ಗಿಸಿ ನಮಸ್ಕಾರ ಹೇಳಿ, ಸಂಜೆ ಇಳಿಯುತ್ತಿದ್ದರು. ಚಾಲಕ ಎಂಜಿನ್ ಚಾಲೂ ಇಟ್ಟು ಸ್ಟಿಯರಿಂಗ್ ಹಿಡಿದು ಕೂರಬೇಕಿತ್ತು, ಕೆಲಸವಿಲ್ಲದೆ ಕೂರುವುದು ಅಪರಾಧವಾದ್ದರಿಂದ.

ಒಂದು ದಿನ ತಡೆಯಲಾರದೆ ಅವನು ಮೇಡಮ್ಮರ ಕೋಣೆಗೆ ನುಗ್ಗಿದ. "ನಮ್ಮಕ್ಕನ ಕಣ್ಣು ಹೋಯ್ತು ಮೇಡಂ! ನಿಮ್ಮ ಒಂದು ಬೆಣೆಯಿಂದ!"

ಮೇಡಮ್ಮರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಅಯ್ಯೋ ಪಾಪ. ಈ ಸಲದ ವರದಿಗೆ ನಮಗೂ ಒಬ್ಬರು ರೋಗಿ ಕಮ್ಮಿ ಬಿದ್ದಿದಾರೆ ಕಣ್ರೀ. ಅವರನ್ನೇ ಕರ್ಕೊಂಡು ಬನ್ನಿ. ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ, ಇನ್ನೇನಾದ್ರೂ ಮಾಡೋಕಾಗುತ್ತಾ ಅಂತ ಕೇಳೋಣ." ಇನ್ನೇನಾದ್ರೂ ಎಂಬ ಮಾತು ಅವನನ್ನು ಕಟ್ಟಿಹಾಕಿತು.

ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ನಿರ್ದೇಶಕರೂ ಚೀಲವೂ ಹಿಂದೆ. ಮೇಡಂ ಹೊರಗೆ ನಿಂತು ಫೋಟೋ ತೆಗೆಸಿದರು. ಎಂಜಿನ್ ಗುರುಗುಟ್ಟಿತು.

"ಲೇ ತಮ್ಮ, ಹೊರಟ್ವೇನೋ?" ಎಂದಳು ಅಕ್ಕ.

ಚಾಲಕ ಕನ್ನಡಿ ಸರಿಪಡಿಸಿದ. ಹಿಂದಿನಿಂದ ನಿರ್ದೇಶಕರೇ, "ಹೊರಟಿದೀವಮ್ಮ, ಆರಾಮಾಗಿ ಕೂತ್ಕೊಳ್ಳಿ," ಎಂದರು.

ಅಕ್ಕ ಎರಡೂ ಕೈಯಲ್ಲಿ ಗಂಟು ಹಿಡಿದು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಆಮೇಲೆ ಮುಖ ಅರಳಿತು. "ಆಹಾ! ಮೈ ಒಂಚೂರೂ ಅಲುಗಲ್ಲವಲ್ಲೋ! ಇಷ್ಟೊಳ್ಳೆ ಗಾಡಿ ಇಟ್ಕೊಂಡು, ನಡುಗುತ್ತೆ ನಡುಗುತ್ತೆ ಅಂತ ಇಷ್ಟು ದಿನ ಸುಮ್ಸುಮ್ನೆ ದೂರ್ತಿದ್ದೆಯಲ್ಲ, ಪಾಪ, ಆ ದೊಡ್ಡವರನ್ನ."

ಮೇಡಂ ಚಪ್ಪಾಳೆ ತಟ್ಟಿದರು. ಬೋಲ್ಟುವೂ ತಟ್ಟಿದ.

"ಆಸ್ಪತ್ರೆ ಇನ್ನೆಷ್ಟು ದೂರಾನೋ?"

"ಇನ್ನೇನು ಬಂದೇಬಿಡ್ತು ಅಕ್ಕಾ," ಎಂದ ಚಾಲಕ. ಗೇರು ಬದಲಿಸಿದ. ಎದುರಿಗೆ ಯಾರೋ ಅಡ್ಡ ಬಂದವರಂತೆ ಹಾರ್ನ್ ಹೊಡೆದು, ನಿಧಾನವಾಗಿ ಬಲಕ್ಕೆ ಸ್ಟಿಯರಿಂಗ್ ತಿರುಗಿಸಿದ.